ನಲವತ್ತನೆಯ ಬೂಟು

“ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು...”

ಕಡ್ಡಿಯ ಬೆರಳು ಅಲ್ಲೇ ನಿಂತಿತು. ನಲವತ್ತನೆಯದು ಒಂದು ನೀಲಿ ಕೆಟಲ್. ಬಣ್ಣ ಅಲ್ಲಲ್ಲಿ ಕಿತ್ತುಹೋಗಿತ್ತು, ಮುಚ್ಚಳ ಇರಲಿಲ್ಲ. ಅದರ ಹಿಂದೆ ಖಾಲಿ ಫುಟ್‌ಪಾತ್.

ರೇಷನ್ ಅಂಗಡಿಯ ಷಟರ್ ಮೇಲೆ ಚಾಕ್‌ಪೀಸಿನಲ್ಲಿ ದೊಡ್ಡದಾಗಿ ಬರೆದಿತ್ತು: ‘ಇಂದು ಹಾಲಿನ ಪುಡಿ. ನಲವತ್ತು ಡಬ್ಬಿ ಮಾತ್ರ. ಮನೆಗೆ ಒಂದು.’

ಕಡ್ಡಿ ಅಪ್ಪನ ಹಳೆಯ ಬೂಟನ್ನು ಕೆಟಲ್‌ನ ಹಿಂದೆ ಇಟ್ಟಳು. ನಲವತ್ತೊಂದು. ಅವಳಿಗೆ ಅಳುವೇ ಬಂತು.

ತಪ್ಪು ಯಾರದು ಎಂದು ಬೇರೆ ಕೇಳಬೇಕೆ? ಅಮ್ಮ ಐದು ಗಂಟೆಗೇ ಎಬ್ಬಿಸಿದ್ದಳು. “ಎದ್ದೆ, ಎದ್ದೆ” ಎಂದವಳು ಅಮ್ಮ ಬಾಗಿಲು ದಾಟಿದ ಕೂಡಲೇ ಮತ್ತೆ ಕಂಬಳಿ ಎಳೆದುಕೊಂಡಿದ್ದಳು. ಅಮ್ಮ ಪಾಪ ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸೈನಿಕರ ಅಂಗಿ ಹೊಲಿಯುವ ಕಾರ್ಖಾನೆಗೆ ಹೋಗಿಯಾಗಿತ್ತು.

ಅಂದ ಹಾಗೆ, ಕಡ್ಡಿ ಎನ್ನುವುದು ಅವಳ ಹೆಸರಲ್ಲ. ಸಣ್ಣಗಿದ್ದಾಳೆ, ಅದಕ್ಕೆ ಹಾಗೆ ಕರೆಯುತ್ತಿದ್ದರು. ಯುದ್ಧಕ್ಕೂ ಮೊದಲೇ ಸಣ್ಣಗಿದ್ದಳು, ಹಾಗಾಗಿ ರೇಷನ್ನಿನ ಮೇಲೆ ತಪ್ಪು ಹಾಕುವಂತಿಲ್ಲ.

ಆ ಬೀದಿಯಲ್ಲಿ ಬೆಳಿಗ್ಗೆ ಸಾಲು ನಿಲ್ಲುತ್ತಿದ್ದುದು ಜನರಲ್ಲ, ವಸ್ತುಗಳು. ಗಂಡಸರಲ್ಲಿ ಅರ್ಧ ಜನ ಯುದ್ಧಕ್ಕೆ ಹೋಗಿದ್ದರು. ಉಳಿದವರಿಗೂ ಹೆಂಗಸರಿಗೂ ಬೆಳಗಾದರೆ ಕಾರ್ಖಾನೆ, ಆಸ್ಪತ್ರೆ, ಬಸ್ಸು. ಅಂಗಡಿ ತೆಗೆಯುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ನಿಂತಿರಲು ಯಾರಿಗೆ ಪುರುಸೊತ್ತು? ಅದಕ್ಕೇ ನಸುಕಿನಲ್ಲಿ ಬಂದು ಒಂದೊಂದು ಗುರುತು ಇಟ್ಟು ಹೋಗುತ್ತಿದ್ದರು. ತೂತು ಬಿದ್ದ ಬಕೆಟ್ಟು, ಬಟ್ಟೆಯಿಲ್ಲದ ಛತ್ರಿ, ಇಟ್ಟಿಗೆ, ಮುರಿದ ಕುರ್ಚಿ. ಒಬ್ಬರ ಗುರುತನ್ನು ಇನ್ನೊಬ್ಬರು ಮುಟ್ಟಬಾರದು. ಹಾಗಂತ ಎಲ್ಲೂ ಬೋರ್ಡ್ ಹಾಕಿರಲಿಲ್ಲ, ಆದರೆ ಎರಡು ವರ್ಷದಲ್ಲಿ ಒಬ್ಬರೂ ಮುಟ್ಟಿರಲಿಲ್ಲ.

ಸಾಲನ್ನು ಕಾಯುವವನು ಗೇಟಜ್ಜ. ಮೂವತ್ತೈದು ವರ್ಷ ರೈಲ್ವೆ ಗೇಟು ಕಾಯ್ದು ರಿಟೈರ್ ಆದವನು. “ನನ್ನ ಗೇಟಲ್ಲಿ ಒಂದು ಕೋಳಿ ಕೂಡ ಹಳಿಗೆ ಸಿಕ್ಕಿಲ್ಲ, ಗೊತ್ತಾ?” ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಯಾರಾದರೂ ಬಂದು ಗುರುತು ಇಟ್ಟರೆ ಅವರ ನಂಬರನ್ನು ಗಟ್ಟಿಯಾಗಿ ಕೂಗುತ್ತಿದ್ದ. ರೇಷನ್ ಸಿಕ್ಕಿದವರು ಹೋಗುವಾಗ ಅವನ ಡಬ್ಬಕ್ಕೆ ಒಂದು ಚಮಚ ಹಾಕುವುದು ರೂಢಿ. ಹಿಟ್ಟಾದರೆ ಹಿಟ್ಟು, ಸಕ್ಕರೆಯಾದರೆ ಸಕ್ಕರೆ. ‘ಅಜ್ಜನ ಚಮಚ’ ಎಂದೇ ಅದಕ್ಕೆ ಹೆಸರು. ಒಬ್ಬನೇ ಇರುವ ಅಜ್ಜನ ಹೊಟ್ಟೆ ತುಂಬುತ್ತಿದ್ದುದು ಅದರಿಂದಲೇ.

ಈಗ ಅಜ್ಜ ಅಲ್ಲಿ ಇರಲಿಲ್ಲ. ಕಡ್ಡಿ ಓಡಿಬರುವುದನ್ನು ಕಂಡವನೇ ಎದ್ದು ನಿಂತು, “ಬಂದ್ಯಾ? ಸರಿಯಾದ ಟೈಮಿಗೆ ಬಂದೆ ನೋಡು. ನೀನೂ ಇಟ್ಟು ಇಲ್ಲೇ ನಿಂತಿರು ಮಗಾ. ಎರಡೇ ನಿಮಿಷ, ಹೋಗಿ ಬಂದ್ಬಿಡ್ತೀನಿ. ತಡ್ಕೊಳ್ಳೋಕಾಗ್ತಿಲ್ಲ!” ಎಂದು ಮೂಲೆಯ ಪಾಯಿಖಾನೆಯ ಕಡೆಗೆ ದಾಪುಗಾಲು ಹಾಕಿದ್ದ.

ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಬೂಟಿಗೂ ಕೆಟಲ್‌ಗೂ ನಡುವೆ ಒಂದು ಗೇಣು ಜಾಗ. ಕಡ್ಡಿ ಅದನ್ನೇ ನೋಡಿದಳು. ‘ಮಗೂಗೆ ಹಾಲಿನ ಪುಡಿ ಸಿಗ್ಲೇಬೇಕು ಕಣೇ’ ಎಂದು ಅಮ್ಮ ನಿನ್ನೆ ಮೂರು ಸಲ ಹೇಳಿದ್ದಳು. ಕೆಟಲ್ ಯಾರದೋ ಏನೋ! ಅವರ ಮನೆಯಲ್ಲಿ ಮಗು ಇದೆಯೋ ಇಲ್ಲವೋ!

ಕಡ್ಡಿ ಬಗ್ಗಿದಳು. ಬೂಟನ್ನು ಎತ್ತಿದಳು. ಕೆಟಲ್ಲನ್ನು ಹಿಂದಕ್ಕೆ ಸರಿಸಿ, ಬೂಟನ್ನು ಅದರ ಜಾಗದಲ್ಲಿ ಇಟ್ಟಳು. ಅಷ್ಟೇ.

ಅಜ್ಜ ಬಂದಾಗ ಅವಳು ಕೈಕಟ್ಟಿ ನಿಂತಿದ್ದಳು. “ಶಹಬ್ಬಾಸ್! ನನ್ನ ಅಸಿಸ್ಟೆಂಟು ನೀನು,” ಎಂದು ಅಜ್ಜ ಅವಳ ತಲೆ ಸವರಿದ. ಕಡ್ಡಿಗೆ ನಗು ಬರಲಿಲ್ಲ. “ಮುಖ ತೊಳೀಬೇಕು” ಎಂದು ಮನೆಗೆ ಓಡಿಬಿಟ್ಟಳು.

*

ಒಂಬತ್ತಕ್ಕೆ ಷಟರ್ ಮೇಲೆ ಹೋಯಿತು. ಎಲ್ಲರೂ ಹೇಗೋ ಬಿಡುವು ಮಾಡಿಕೊಂಡು ಬಂದು ತಮ್ಮ ತಮ್ಮ ಗುರುತಿನ ಪಕ್ಕ ನಿಂತರು. ಕಡ್ಡಿ ಬೂಟನ್ನು ಎದೆಗೆ ಅವುಚಿಕೊಂಡು ನಿಂತಳು.

“ಇದೇನಿದು? ನನ್ನ ಕೆಟಲ್ ಇಲ್ಯಾಕಿದೆ?”

ಖಾಕಿ ಅಂಗಿ, ಹೆಗಲಿಗೆ ಟಿಕೆಟ್ ಚೀಲ. ಕಂಡಕ್ಟರಕ್ಕ! ಗಂಡ ಯುದ್ಧಕ್ಕೆ ಹೋದ ಮೇಲೆ ಅವನ ಬಸ್ಸಿನಲ್ಲಿ ಅವಳೇ ಕಂಡಕ್ಟರ್ ಆಗಿದ್ದಳು. ಅವಳ ಮನೆಯಲ್ಲಿ ಏಳು ತಿಂಗಳ ಹೆಣ್ಣು ಕೂಸು ಇದೆ ಎಂದು ಇಡೀ ಬೀದಿಗೆ ಗೊತ್ತು, ಕಡ್ಡಿಗೂ ಗೊತ್ತು.

“ಅಜ್ಜ, ನಾನು ಇಟ್ಟಾಗ ನೀವೇ ನಲವತ್ತು ಅಂತ ಕೂಗಿದ್ರಿ. ‘ಕೊನೇ ಡಬ್ಬಿ ನಿಂದೇ ಕಣಮ್ಮ’ ಅಂದ್ರಿ. ಈಗ ನೋಡಿದ್ರೆ ನಲವತ್ತೊಂದರಲ್ಲಿದೆ!”

“ಹೌದಮ್ಮ, ಅಂದೆ...” ಅಜ್ಜ ಕೆಟಲ್ ನೋಡಿದ, ಬೂಟು ನೋಡಿದ.

ಕಂಡಕ್ಟರಕ್ಕ ಕಡ್ಡಿಯ ಕಡೆ ತಿರುಗಿದಳು. “ಏನೇ, ನೀನು ಯಾವಾಗ ಇಟ್ಟೆ ಇದನ್ನ?”

ಈಗ ಹೇಳಬಹುದಿತ್ತು. ಒಂದು ಗೇಣು ತಾನೆ, ವಾಪಸ್ಸು ಇಟ್ಟರೆ ಮುಗಿದುಹೋಗುತ್ತಿತ್ತು. ಆದರೆ ಮುಂದೆ ಮೂವತ್ತೊಂಬತ್ತು ಜನ, ಹಿಂದೆ ಹತ್ತಿಪ್ಪತ್ತು ಜನ, ಎಲ್ಲರ ಕಣ್ಣೂ ಅವಳ ಮೇಲೆಯೇ ಇತ್ತು.

“ಬೆಳಿಗ್ಗೇನೇ ಇಟ್ಟೆ,” ಎಂದಳು ಕಡ್ಡಿ. “ನಾನು ಇಟ್ಟಾಗ ಕೆಟಲ್ ಇರ್ಲೇ ಇಲ್ಲ.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

“ಮಗು ಯಾಕಮ್ಮ ಸುಳ್ಳು ಹೇಳುತ್ತೆ?” ಎಂದು ಮುಂದಿನಿಂದ ಬೇಕರಿ ಮಾವ ಬಾಯಿ ಹಾಕಿದ. ಹಿಟ್ಟು ಸಿಗದೆ ಬೇಕರಿ ಮುಚ್ಚಿದಂದಿನಿಂದ ಅವನ ಕೈಗೆ ಕೆಲಸವಿರಲಿಲ್ಲ, ಬಾಯಿಗೆ ಮಾತ್ರ ಬಿಡುವಿರಲಿಲ್ಲ. “ಅಪ್ಪ ಯುದ್ಧದಲ್ಲಿರೋ ಮಗು ಅದು. ಅಜ್ಜಂಗೆ ವಯಸ್ಸಾಯ್ತು, ಎಣಿಕೆ ತಪ್ಪಿದೆ, ಅಷ್ಟೇ.”

“ಹಾಗಾದ್ರೆ ಇಲ್ಲಿ ಯಾಕೆ ಕೂತಿದ್ದೀರಾ ಅಜ್ಜ?” ಕಂಡಕ್ಟರಕ್ಕ ದನಿ ಏರಿಸಿದಳು. “ನಿಮ್ಮನ್ನ ನಂಬ್ಕೊಂಡು ತಾನೆ ನಾವು ಬಸ್ಸು ಹತ್ತೋದು? ಎಣಿಸೋಕೂ ಆಗದವರು ಚಮಚಕ್ಕೆ ಮಾತ್ರ ಡಬ್ಬ ಹಿಡ್ಕೊಂಡು ಕೂತಿರ್ತೀರಲ್ಲ, ನಾಚಿಕೆ ಆಗಲ್ವಾ?”

ಅಜ್ಜ ಕಡ್ಡಿಯನ್ನು ನೋಡಿದ. ಈಗ ಹೇಳುತ್ತಾನೆ, ‘ನಾನು ಎದ್ದು ಹೋಗಿದ್ದೆ, ಇವಳೇ ಇದ್ದಳು’ ಎಂದು ಹೇಳಿಯೇ ಹೇಳುತ್ತಾನೆ ಎಂದುಕೊಂಡಳು ಅವಳು.

“ನಂದೇ ತಪ್ಪಿರ್ಬೇಕು ಕಣಮ್ಮ,” ಎಂದ ಅಜ್ಜ ಮೆಲ್ಲಗೆ.

“ಬೇಜಾರು ಮಾಡ್ಕೋಬೇಡಿ ಅಜ್ಜ. ಇನ್ಮೇಲೆ ಮನೇಲಿ ಆರಾಮಾಗಿ ಇದ್ಬಿಡಿ,” ಎಂದ ಬೇಕರಿ ಮಾವ. ನಾಲ್ಕಾರು ಜನ ಹೂಂಗುಟ್ಟಿದರು.

ನಲವತ್ತನೆಯ ಡಬ್ಬಿ ಕಡ್ಡಿಯ ಕೈಗೆ ಬಂತು. ಕಾರ್ಡಿನ ಮೇಲೆ ಮುದ್ರೆ ಬಿತ್ತು. ಅವತ್ತು ಯಾರೂ ಅಜ್ಜನ ಡಬ್ಬಕ್ಕೆ ಚಮಚ ಹಾಕಲಿಲ್ಲ. ಕಡ್ಡಿ ಇನ್ನೊಂದು ಕಡೆ ಮುಖ ತಿರುಗಿಸಿಕೊಂಡು ಅವನ ಮುಂದೆಯೇ ಹಾದುಹೋದಳು.

*

ಸಂಜೆ ಲೋಟಕ್ಕೆ ಬಾಯಿ ಹಚ್ಚಿ ತಮ್ಮ ಗಟಗಟ ಹಾಲು ಕುಡಿದ. ಮೂತಿಯೆಲ್ಲ ಬೆಳ್ಳಗೆ ಮಾಡಿಕೊಂಡು ಹಲ್ಲುಬಿಟ್ಟ. ಅಮ್ಮನಿಗೆ ಎಷ್ಟು ಖುಷಿಯೆಂದರೆ, ಕಡ್ಡಿಯ ಕೆನ್ನೆ ಹಿಂಡಿ, “ನೀನಿಲ್ದಿದ್ರೆ ನಾನು ಏನು ಮಾಡ್ತಿದ್ದೆ ನನ್ನ ಬಂಗಾರಿ!” ಎಂದಳು. ಅವಳಿಗೂ ಅರ್ಧ ಲೋಟ ಕೊಟ್ಟಳು.

“ಹೊಟ್ಟೆ ನೋವು. ಬೇಡ,” ಎಂದಳು ಕಡ್ಡಿ. ಅದೇನೂ ಪೂರ್ತಿ ಸುಳ್ಳಲ್ಲ.

ಮರುದಿನ ಸ್ಕೂಲಿನಲ್ಲಿ ಸೈರನ್ ಡ್ರಿಲ್ ಇತ್ತು. ಸೈರನ್ ಕೂಗಿದರೆ ಎಲ್ಲರೂ ಬೆಂಚಿನ ಕೆಳಗೆ ತೂರಿ, ಮೊಣಕಾಲಿಗೆ ಮುಖ ಒತ್ತಿ ಕೂರಬೇಕು. ಉಳಿದ ಮಕ್ಕಳು ಕಿಸಿಕಿಸಿ ನಗುತ್ತ ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಕಡ್ಡಿ ಮಾತ್ರ ಕಣ್ಣುಮುಚ್ಚಿ ಕುಳಿತಿದ್ದಳು. ಮುಖ ಯಾರಿಗೂ ಕಾಣದೆ ಇರುವುದು ಎಷ್ಟು ಹಾಯಾಗಿತ್ತು! ಡ್ರಿಲ್ ಮುಗಿದ ಮೇಲೂ ಅವಳು ಏಳಲಿಲ್ಲ. ಟೀಚರ್ ಬಂದು, “ಏ ಹುಡುಗಿ, ಶತ್ರು ವಿಮಾನ ವಾಪಸ್ಸು ಹೋಯ್ತು, ಎದ್ದೇಳು,” ಎಂದಾಗ ಇಡೀ ಕ್ಲಾಸು ನಕ್ಕಿತು.

ಸ್ಕೂಲು ಬಿಟ್ಟಾಗ ಎದುರಿಗೆ ಕಂಡಕ್ಟರಕ್ಕನ ಬಸ್ಸು ನಿಂತಿತ್ತು. ಕಡ್ಡಿ ಮರದ ಹಿಂದೆ ಅಡಗಿ, ಬಸ್ಸು ಹೋದ ಮೇಲೆ ನಡೆದುಕೊಂಡೇ ಮನೆಗೆ ಬಂದಳು.

ಗುರುವಾರ ಸಂಜೆ ಅಮ್ಮ ಕಾರ್ಖಾನೆಯಿಂದ ಬಂದವಳೇ ಕೇಳಿದಳು, “ಗೇಟಜ್ಜನ್ನ ತೆಗೆದುಹಾಕಿದ್ರಂತೆ, ಹೌದೇನೇ? ನೀನು ಹೇಳ್ಲೇ ಇಲ್ಲ! ಅಜ್ಜನ ಚಮಚ ಹಾಕಿದ್ಯಾ?”

ಕಡ್ಡಿ ಇಲ್ಲವೆಂದು ತಲೆ ಅಲ್ಲಾಡಿಸಿದಳು.

“ಥೂ ನಿನ್ನ! ಪಾಪ, ಏನು ತಿಂತಿದಾನೋ ಮುದುಕ.” ಅಮ್ಮ ಎರಡು ಚಮಚ ಹಾಲಿನ ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿದಳು. “ಹೋಗು, ಕೊಟ್ಟು ಬಾ.”

“ನಾನು ಹೋಗಲ್ಲ.”

“ಯಾಕೆ? ಕಾಲಿಗೇನಾಗಿದೆ?”

ಕಾಲಿಗೆ ಏನೂ ಆಗಿರಲಿಲ್ಲ. ಹೋಗಲೇಬೇಕಾಯಿತು.

*

ಅಜ್ಜನದು ಒಂದೇ ಕೋಣೆ. ಬಾಗಿಲು ತೆರೆದೇ ಇತ್ತು. ಅಜ್ಜ ನೆಲದ ಮೇಲೆ ಕುಳಿತು ಹಳೆಯ ಗುಂಡಿಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದ. ಅಂಗಿಯ ಗುಂಡಿ, ಕೋಟಿನ ಗುಂಡಿ, ದೊಡ್ಡವು, ಚಿಕ್ಕವು.

“ಓಹೋ, ನನ್ನ ಅಸಿಸ್ಟೆಂಟು! ಬಾ ಬಾ, ಒಳ್ಳೇ ಟೈಮಿಗೆ ಬಂದೆ. ಇವು ಎಷ್ಟಿವೆ ಅಂತ ಎಣಿಸು. ನಾನು ಎಣಿಸಿದ್ದನ್ನ ಆಮೇಲೆ ಹೇಳ್ತೀನಿ.”

ಕಡ್ಡಿ ಎಣಿಸಿದಳು. “ಐವತ್ತೆರಡು.”

“ನಂಗೂ ಐವತ್ತೆರಡೇ ಬಂತು. ಮೂರು ಸಲ ಎಣಿಸಿದ್ರೂ ಅಷ್ಟೇ ಬಂತು!” ಅಜ್ಜ ಹಿಗ್ಗಿದ. ಆಮೇಲೆ ಅವನ ಮುಖ ಸಪ್ಪಗಾಯಿತು. “ಮತ್ತೆ ಅವತ್ತು ಯಾಕೆ ಹಾಗಾಯ್ತು ಮಗಾ?”

ಅವನು ಕೊಂಕು ಮಾತಾಡುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ಕಡ್ಡಿ ಕೈಯಲ್ಲಿದ್ದ ಪೊಟ್ಟಣದ ಅಂಚನ್ನು ಮಡಚಿದಳು, ಬಿಚ್ಚಿದಳು.

“ಆ ಯಮ್ಮ ಕೆಟಲ್ ಇಟ್ಟಾಗ ನಾನು ನಲವತ್ತು ಅಂದಿದ್ದು ಇನ್ನೂ ಕಿವೀಲಿದೆ. ನೀನು ಓಡಿ ಬಂದ್ಯಲ್ಲ, ಆಗ ಕೆಟಲ್ ಅಲ್ಲೇ ಇತ್ತು ಅಂತ ಕಣ್ಣಿಗೆ ಕಟ್ಟಿದ ಹಾಗಿದೆ. ಆದ್ರೆ ಇರ್ಲಿಲ್ಲ ಅಂತ ನೀನೇ ನೋಡಿದೀಯ. ಅಂದ್ರೆ ಏನಾಯ್ತು? ಇಲ್ಲದ್ದೆಲ್ಲ ನಂಗೆ ಇದ್ದ ಹಾಗೆ ಕಾಣ್ತಿದೆ.” ಅಜ್ಜ ಗುಂಡಿಯೊಂದನ್ನು ಬೆರಳಿನಿಂದ ಸರಿಸಿದ. “ನಮ್ಮಣ್ಣಂಗೂ ಹೀಗೇ ಶುರುವಾಗಿದ್ದು. ಕೊನೆಕೊನೆಗೆ ಮನೆ ದಾರೀನೇ ಮರೆತುಬಿಟ್ಟಿದ್ದ. ಅದಕ್ಕೇ ನಾನು ಎರಡು ದಿನದಿಂದ ಎಲ್ಲೂ ಹೊರಗೆ ಹೋಗಿಲ್ಲ.”

“ಅಜ್ಜ, ನೀವು ಎದ್ದು ಹೋಗಿದ್ದನ್ನ ಯಾಕೆ ಹೇಳ್ಲಿಲ್ಲ?” ಕಡ್ಡಿಯ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

“ಹೇಳಿದ್ರೆ ಎಲ್ಲರೂ ನಿನ್ನ ಮೇಲೆ ಬೀಳ್ತಿದ್ರು. ನೀನು ಏನೂ ಮಾಡದೇನೇ ಬೈಸ್ಕೋತಿದ್ದೆ. ನಿಂಗ್ಯಾಕೆ ಆ ತಾಪತ್ರಯ?”

ಏನೂ ಮಾಡದೇನೇ! ನೆಲ ಬಾಯಿಬಿಟ್ಟು ನುಂಗಬಾರದೆ ಎನಿಸಿತು ಕಡ್ಡಿಗೆ. ಹೇಳಿಬಿಡೋಣ ಎಂದು ಬಾಯಿ ತೆರೆದಳು. ಆದರೆ ಪೊಟ್ಟಣವನ್ನು ಗುಂಡಿಗಳ ಪಕ್ಕ ಇಟ್ಟು ಓಡಿದಳು.

ಮನೆಗೆ ಬಂದು ಅಮ್ಮನ ಸೆರಗಿನಲ್ಲಿ ಮುಖ ಹುದುಗಿಸಿ, ಬಿಕ್ಕಿ ಬಿಕ್ಕಿ ಅಳುತ್ತ ಎಲ್ಲವನ್ನೂ ಹೇಳಿದಳು. ಕಂಬಳಿ ಎಳೆದುಕೊಂಡದ್ದನ್ನೂ ಬಿಡಲಿಲ್ಲ.

ಅಮ್ಮ ಹೊಡೆಯಲಿಲ್ಲ. ಆಮೇಲೆ ಎದ್ದು ಹೋಗಿ ಹಾಲಿನ ಪುಡಿಯ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿ, ತಂದು ಅವಳ ಮುಂದೆ ಇಟ್ಟಳು.

“ನಾಳೆ ಹಿಟ್ಟಿನ ಸಾಲು ಇದೆಯಲ್ಲ, ಅಲ್ಲಿ ಕೊಡು. ಎಲ್ಲರ ಮುಂದೆ.”

“ಕಂಡಕ್ಟರಕ್ಕನ ಮನೆಗೇ ಹೋಗಿ ಕೊಟ್ರೆ ಆಗಲ್ವಾ ಅಮ್ಮ?”

“ಅಜ್ಜನ್ನ ಬೈದಿದ್ದು ಎಲ್ಲರ ಮುಂದೆ ತಾನೆ?”

“ನೀನೂ ಬಾರಮ್ಮ.”

“ನಂಗೆ ಶಿಫ್ಟ್ ಇದೆ,” ಎಂದಳು ಅಮ್ಮ. ಸ್ವಲ್ಪ ತಡೆದು, “ಇಲ್ದಿದ್ರೂ ಬರ್ತಿರ್ಲಿಲ್ಲ,” ಎಂದಳು.

*

ಶುಕ್ರವಾರ ಷಟರ್ ಏಳುವ ಮೊದಲೇ ಸಾಲಿನಲ್ಲಿ ಗದ್ದಲವೋ ಗದ್ದಲ. ಕಾಯುವ ಕೆಲಸವನ್ನು ಬೇಕರಿ ಮಾವನೇ ವಹಿಸಿಕೊಂಡಿದ್ದ. ಅವನು ಮಾತಾಡುತ್ತ ಆಡುತ್ತ ಎಣಿಕೆ ಮರೆತಿದ್ದ. ಇಬ್ಬರಿಗೆ ಹದಿನೇಳು ಎಂದಿದ್ದ, ಹದಿನೆಂಟು ಯಾರಿಗೂ ಇರಲಿಲ್ಲ.

ಕಡ್ಡಿ ಸಾಲಿನ ಪಕ್ಕದಲ್ಲಿ ನಿಂತಳು. ಒಂದು ಸಲ ಪ್ರಯತ್ನಿಸಿದಳು, ದನಿ ಹೊರಡಲಿಲ್ಲ. ಎರಡನೆಯ ಸಲಕ್ಕೆ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು.

“ಅಜ್ಜ ತಪ್ಪು ಎಣಿಸಿಲ್ಲ! ನಾನೇ ಕೆಟಲ್ ಹಿಂದಕ್ಕೆ ಇಟ್ಟಿದ್ದು!”

ಗದ್ದಲ ನಿಂತಿತು.

“ಅಜ್ಜ ಎರಡು ನಿಮಿಷ ನೋಡ್ಕೋ ಅಂತ ನಂಗೆ ಹೇಳಿ ಹೋಗಿದ್ರು. ಆಗ ನಾನು ಬೂಟು ಮುಂದೆ ಇಟ್ಟೆ. ಆಮೇಲೆ ಸುಳ್ಳು ಹೇಳ್ದೆ.” ಡಬ್ಬಿಯನ್ನು ಕಂಡಕ್ಟರಕ್ಕನ ಕಡೆ ಚಾಚಿದಳು. “ಇದು ನಿಮ್ದು. ಸ್ವಲ್ಪ ಖಾಲಿಯಾಗಿದೆ.”

ಕಂಡಕ್ಟರಕ್ಕ ಡಬ್ಬಿಯನ್ನು ಕಸಿದುಕೊಂಡಳು. “ಮೂರು ದಿನ ನನ್ನ ಮಗಳು ಹಿಟ್ಟು ಕದಡಿದ ನೀರು ಕುಡಿದಿದಾಳೆ ಕಣೇ,” ಎಂದಳು. ಕೂಗಲಿಲ್ಲ. ಕೂಗಿದ್ದರೆ ಕಡ್ಡಿಗೆ ಎಷ್ಟೋ ವಾಸಿಯಿತ್ತು.

“ಈಗಿನ ಮಕ್ಕಳು ನೋಡಿ!” ಎಂದು ಬೇಕರಿ ಮಾವ ಶುರುಮಾಡಿದ.

“ನೀವು ಸುಮ್ನಿರಿ,” ಎಂದಳು ಕಂಡಕ್ಟರಕ್ಕ. “ಮನೇಲಿರಿ ಅಂದವರು ನೀವು. ಇನ್ನು ನಾನು... ಅಯ್ಯೋ, ಆ ವಯಸ್ಸಾದವರಿಗೆ ಏನೇನೆಲ್ಲ ಅಂದೆ!”

“ಯಾರಾದ್ರೂ ಹೋಗಿ ಅಜ್ಜನ್ನ ಕರ್ಕೊಂಡ್ ಬನ್ನಿ,” ಎಂದರು ಹಿಂದಿನಿಂದ ಯಾರೋ.

ಯಾರೂ ಅಲ್ಲಾಡಲಿಲ್ಲ. ಒಬ್ಬರು ತಮ್ಮ ಚೀಲದ ಹಿಡಿಯನ್ನು ನೋಡುತ್ತಿದ್ದರು, ಇನ್ನೊಬ್ಬರು ಚಪ್ಪಲಿಯನ್ನು. ಬೇಕರಿ ಮಾವ ಷಟರ್ ಮೇಲಿನ ಅಕ್ಷರಗಳನ್ನು ಮೊದಲ ಸಲ ಕಂಡವನ ಹಾಗೆ ಓದುತ್ತಿದ್ದ. ಕಡ್ಡಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮೂರು ದಿನದಿಂದ ತನ್ನ ಕಿವಿ ಮಾತ್ರ ಬಿಸಿಯಾಗಿದೆ ಎಂದುಕೊಂಡಿದ್ದಳು. ದೊಡ್ಡವರಿಗೂ ಹೀಗಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

“ನಡಿ,” ಎಂದಳು ಕಂಡಕ್ಟರಕ್ಕ. “ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ.”

ಕಡ್ಡಿ ಅವಳ ಹಿಂದೆಯೇ ಓಡುತ್ತ ಹೋದಳು. ಅಜ್ಜನ ಬಾಗಿಲು ಮುಚ್ಚಿತ್ತು.

“ತಟ್ಟು,” ಎಂದಳು ಕಂಡಕ್ಟರಕ್ಕ.

“ನೀವು ತಟ್ಟಿ ಅಕ್ಕ.”

“ನೀನೇ ತಟ್ಟೇ. ನಂಗೆ... ನೀನೇ ತಟ್ಟು.”

ಕಡ್ಡಿ ತಟ್ಟಿದಳು. ಅಜ್ಜ ಬಾಗಿಲು ತೆಗೆದ. ತಲೆ ಬಾಚಿರಲಿಲ್ಲ. ಕಂಡಕ್ಟರಕ್ಕನನ್ನು ನೋಡಿ ಹೆದರಿದವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ.

“ಅಜ್ಜ, ನಿಮ್ಮ ಎಣಿಕೆ ಸರಿಯಾಗೇ ಇತ್ತು,” ಎಂದಳು ಕಡ್ಡಿ ಒಂದೇ ಉಸಿರಿಗೆ. “ನಾನು ಬಂದಾಗ ಕೆಟಲ್ ಅಲ್ಲೇ ಇತ್ತು. ನೀವು ಆ ಕಡೆ ಹೋದಾಗ ನಾನೇ ಅದನ್ನ ಹಿಂದಕ್ಕೆ ಇಟ್ಟೆ.”

ಅಜ್ಜನಿಗೆ ಮೊದಲು ತಲುಪಿದ್ದು ಮೊದಲಿನ ಮಾತು ಮಾತ್ರ.

“ಸರಿ ಇತ್ತಾ? ಕೆಟಲ್ ಇತ್ತಾ?” ಅವನ ಮುಖವೆಲ್ಲ ಅರಳಿತು. “ಇತ್ತು ಅಲ್ವಾ? ನಾನು ಅಂದ್ಕೊಂಡೆ! ಇತ್ತು ಅಂತ ನಾನು ಅಂದ್ಕೊಂಡೆ ಕಣಮ್ಮ!” ಎಂದು ಕಂಡಕ್ಟರಕ್ಕನ ಕೈ ಹಿಡಿದು ನಕ್ಕ. ಅವಳು ಕಣ್ಣೊರೆಸಿಕೊಂಡು, “ತಪ್ಪಾಯ್ತು ಅಜ್ಜ,” ಎಂದಳು.

ಆಮೇಲೆ ಉಳಿದ ಮಾತೂ ಅವನಿಗೆ ತಲುಪಿತು. ನಗು ನಿಧಾನವಾಗಿ ನಿಂತಿತು. ಅಜ್ಜ ಕಡ್ಡಿಯನ್ನು ನೋಡಿದ.

ಕಡ್ಡಿಗೆ ತಲೆ ತಗ್ಗಿಸಬೇಕು ಎನಿಸಿತು. ತಗ್ಗಿಸಲಿಲ್ಲ. ಕಣ್ಣು ತುಂಬಿಕೊಂಡು ಅವನನ್ನೇ ನೋಡುತ್ತ ನಿಂತಳು. “ತಪ್ಪಾಯ್ತು ಅಜ್ಜ,” ಎಂದು ಅವಳೂ ಹೇಳಿದಳು.

ಅಜ್ಜ ಬೈಯಲಿಲ್ಲ. ‘ಪರವಾಗಿಲ್ಲ ಮಗಾ’ ಎಂದೂ ಹೇಳಲಿಲ್ಲ. ಕಂಡಕ್ಟರಕ್ಕನ ಕಡೆ ತಿರುಗಿ ಕೇಳಿದ, “ಈಗ ಸಾಲು ಯಾರು ನೋಡ್ಕೋತಿದಾರೆ?”

“ಬೇಕರಿಯವರು.”

“ಅವನಾ? ಅಯ್ಯೋ ದೇವ್ರೇ!” ಎಂದು ಅಜ್ಜ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ದೊಡ್ಡ ರಸ್ತೆ ದಾಟುವಾಗ ಅಜ್ಜ ಯಾವಾಗಲೂ ಕಡ್ಡಿಯ ಕೈ ಹಿಡಿದುಕೊಳ್ಳುತ್ತಿದ್ದ. ಅವತ್ತು ಹಿಡಿಯಲಿಲ್ಲ. ಕಡ್ಡಿಯ ಕೈ ತಾನಾಗಿಯೇ ಮುಂದೆ ಹೋಗಿತ್ತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು, ಎರಡೂ ಕಡೆ ತಾನೇ ನೋಡಿ ರಸ್ತೆ ದಾಟಿದಳು. ಆ ಕೈಯನ್ನು ಇವತ್ತೇ ಕೇಳುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು.